ಐಸ್ ಹಾಕಿ ಆಟಗಾರರ ಸಂಬಳಕ್ಕೆ ಮಿತಿ ಬೇಕೇ?

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ತಂಡ ತನ್ನ ಆಟಗಾರರೆಲ್ಲರಿಗೂ ಸೇರಿ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡುವಂತಿಲ್ಲ ಎಂಬ ಕಟ್ಟುಪಾಡು 2005ರಿಂದ ಇದೆ. ಅದನ್ನು ತರುವ ಬಗ್ಗೆ ಮಾಲೀಕರಿಗೂ ಆಟಗಾರರಿಗೂ ನಡೆದ ಜಗಳದಲ್ಲಿ 2004-05ರ ಇಡೀ ಋತು ರದ್ದಾಯಿತು. ಒಂದೇ ಒಂದು ಪಂದ್ಯವೂ ನಡೆಯಲಿಲ್ಲ. ಆಗ 3.9 ಕೋಟಿ ಡಾಲರ್ ಇದ್ದ ಮಿತಿ 2025-26ರಲ್ಲಿ 9.55 ಕೋಟಿಗೆ ಬಂದಿದೆ. ಇದರಿಂದ ಆಟಕ್ಕೆ ಒಳ್ಳೆಯದಾಯಿತೇ? ಕೆನಡಾದಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗ ಅಭಿಮಾನಿಗಳಿಗೆ ಒಂದೊಂದು ಬದಿ ಕೊಟ್ಟು ಬರೆಯಲು ಕೇಳಿದ್ದೆವು.

ಪರ: ಸಣ್ಣ ಊರಿನ ತಂಡ ಉಳಿದದ್ದು ಇದರಿಂದಲೇ
(ಎಡ್ಮಂಟನ್‌ನಿಂದ ಒಬ್ಬ ಆಯಿಲರ್ಸ್ ಅಭಿಮಾನಿ)

ಸಂಬಳಕ್ಕೆ ಮಿತಿ ಬಾರದೇ ಹೋಗಿದ್ದರೆ ಇಂದು ಎಡ್ಮಂಟನ್‌ನಲ್ಲಿ ಹಾಕಿ ತಂಡವೇ ಇರುತ್ತಿರಲಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಯಾಕೆಂದರೆ ಊರು ಬಿಟ್ಟುಹೋದ ತಂಡಗಳ ಪಟ್ಟಿ ನನಗೆ ಬಾಯಿಪಾಠ. 1995ರಲ್ಲಿ ಕ್ವಿಬೆಕ್ ಸಿಟಿಯ ನಾರ್ಡೀಕ್ಸ್ ಗಂಟುಮೂಟೆ ಕಟ್ಟಿಕೊಂಡು ಡೆನ್ವರ್‌ಗೆ ಹೋಯಿತು. ಹೆಸರು ಬದಲಿಸಿಕೊಂಡು ಮರುವರ್ಷವೇ ಲೀಗ್‌ನ ಅಗ್ರ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದಿತು. ಹದಿನಾರು ಋತು ಆ ತಂಡವನ್ನು ಸಾಕಿದ ಕ್ವಿಬೆಕ್‌ನ ಜನ ಕಪ್ಪನ್ನು ಟಿವಿಯಲ್ಲಿ ನೋಡಿದರು. 1996ರಲ್ಲಿ ವಿನಿಪೆಗ್‌ನ ಜೆಟ್ಸ್ ಅರಿಜೋನಾದ ಮರುಭೂಮಿ ಸೇರಿತು. 1997ರಲ್ಲಿ ಅಮೆರಿಕದ ಸಣ್ಣ ಊರು ಹಾರ್ಟ್‌ಫರ್ಡ್‌ನ ತಂಡ ಕ್ಯಾರೊಲೈನಾಕ್ಕೆ ಹೋಯಿತು. 1998ರಲ್ಲಿ ನಮ್ಮ ಸರದಿ ಬಂತು. ಹ್ಯೂಸ್ಟನ್‌ನ ಒಬ್ಬ ಶ್ರೀಮಂತರು ಆಯಿಲರ್ಸ್ ಕೊಳ್ಳಲು ದುಡ್ಡು ಹಿಡಿದು ಸಿದ್ಧರಾಗಿದ್ದರು. ಊರಿನ ಮೂವತ್ತಕ್ಕೂ ಹೆಚ್ಚು ಹೂಡಿಕೆದಾರರು ಕೈಕೈ ಸೇರಿಸಿ ಹಣ ಒಟ್ಟುಮಾಡಿದ್ದರಿಂದ ತಂಡ ಉಳಿಯಿತು.

ಹೆಸರಿಲ್ಲದ ತಂಡವೇನೂ ಅಲ್ಲ ಇದು. 1984ರಿಂದ 1990ರೊಳಗೆ ಐದು ಸಲ ಸ್ಟಾನ್ಲಿ ಕಪ್ ಗೆದ್ದಿದೆ. ಹಾಕಿ ಕಂಡ ಅತಿದೊಡ್ಡ ಆಟಗಾರ ವೇಯ್ನ್ ಗ್ರೆಟ್ಸ್ಕಿ ಈ ತಂಡದವನು. 1988ರ ಆಗಸ್ಟ್ 9ರಂದು ಅವನನ್ನೇ ಲಾಸ್ ಏಂಜಲೀಸ್‌ಗೆ ಕೊಟ್ಟುಬಿಟ್ಟರು. ಆ ವ್ಯವಹಾರದಲ್ಲಿ ಮಾಲೀಕರ ಕೈಗೆ ಬಂದ ನಗದು ಒಂದೂವರೆ ಕೋಟಿ ಡಾಲರ್. ಆಮೇಲೆ ಅದು ರೂಢಿಯಾಗಿಹೋಯಿತು. ನಾವು ಬೆಳೆಸುವುದು, ದೊಡ್ಡ ಊರಿನವರು ಒಯ್ಯುವುದು. ಗೋಲಿ (ಗೋಲ್‌ಕೀಪರ್) ಕರ್ಟಿಸ್ ಜೋಸೆಫ್ 1998ರಲ್ಲಿ ಟೊರಾಂಟೊಗೆ ಹೋದ. ಬಿಲ್ ಗೆರಿನ್ 2000ದಲ್ಲಿ ಬಾಸ್ಟನ್‌ಗೆ ಹೋದ. ನಾಯಕ ಡಗ್ ವೇಯ್ಟ್‌ನನ್ನು 2001ರಲ್ಲಿ ಸೇಂಟ್ ಲೂಯಿಸ್‌ಗೆ ಕಳಿಸಬೇಕಾಯಿತು. ಇವರ್ಯಾರೂ ಎಡ್ಮಂಟನ್ ಇಷ್ಟವಿಲ್ಲವೆಂದು ಹೋದವರಲ್ಲ. ಅವರಿಗೆ ಕೊಡಲು ನಮ್ಮಲ್ಲಿ ದುಡ್ಡಿರಲಿಲ್ಲ. 1998ರಿಂದ 2003ರವರೆಗೆ ಐದು ಸಲ ಪ್ಲೇಆಫ್‌ನಲ್ಲಿ ನಮ್ಮನ್ನು ಮನೆಗೆ ಕಳಿಸಿದ್ದು ಒಂದೇ ತಂಡ, ಟೆಕ್ಸಸ್‌ನ ಡಲ್ಲಾಸ್. ಐದು ಸಲವೂ ನಮ್ಮ ಹುಡುಗರು ಓಡಾಡಿ, ಮೈಮೇಲೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೊಡೆಸಿಕೊಂಡು ಆಡಿದರು. ಐದು ಸಲವೂ ಎದುರಿನ ಬೆಂಚಿನಲ್ಲಿ ನಮಗೆ ಕೊಳ್ಳಲಾಗದಂಥ ಆಟಗಾರರು ಕೂತಿದ್ದರು.

ಕೆನಡಾ ತಂಡಗಳು ಟಿಕೆಟ್ ಮಾರುವುದು ಕೆನಡಾ ಡಾಲರಿನಲ್ಲಿ, ಸಂಬಳ ಕೊಡುವುದು ಅಮೆರಿಕದ ಡಾಲರಿನಲ್ಲಿ. 2002ರ ಜನವರಿಯಲ್ಲಿ ನಮ್ಮ ಡಾಲರಿಗೆ ಅಮೆರಿಕದ 62 ಸೆಂಟ್ ಸಿಗುತ್ತಿತ್ತು. ಆಮೇಲೆ ಡಾಲರ್ ಏರಿದ್ದರಿಂದಲೇ ತಂಡಗಳು ಬದುಕಿದವು ಎನ್ನುವವರಿದ್ದಾರೆ. ಡಾಲರ್ ಇಂದು ಏರುತ್ತದೆ, ನಾಳೆ ಇಳಿಯುತ್ತದೆ. ಅದನ್ನು ನೆಚ್ಚಿ ಯಾರೂ ತಂಡ ಕಟ್ಟುವುದಿಲ್ಲ.

ದುಡ್ಡಿದ್ದರೆ ಕಪ್ ಬರುವುದಿಲ್ಲ, ನ್ಯೂಯಾರ್ಕ್ ರೇಂಜರ್ಸ್ ನೋಡಿ ಎನ್ನುತ್ತಾರೆ. ನಿಜ, 2003-04ರಲ್ಲಿ ರೇಂಜರ್ಸ್ ಸಂಬಳಕ್ಕೇ ಎಂಟು ಕೋಟಿ ಡಾಲರಿನ ಹತ್ತಿರ ಸುರಿಯಿತು, ಪ್ಲೇಆಫ್ ಕೂಡ ಮುಟ್ಟಲಿಲ್ಲ. ಆದರೆ ನ್ಯೂಯಾರ್ಕ್ ಸೋತರೂ ಪೆಟ್ಟು ಬಿದ್ದದ್ದು ನಮಗೆ. ನ್ಯೂಯಾರ್ಕ್ ಒಬ್ಬ ಸಾಧಾರಣ ಆಟಗಾರನಿಗೆ ನಲವತ್ತು ಲಕ್ಷ ಡಾಲರ್ ಕೊಟ್ಟರೆ ಮಾರನೆಯ ದಿನವೇ ಅವನಷ್ಟೇ ಆಡುವ ನಮ್ಮ ಹುಡುಗನ ಏಜೆಂಟ್ ಅದೇ ಅಂಕಿ ಹಿಡಿದು ಬರುತ್ತಾನೆ. ಬೆಲೆ ಕಟ್ಟಿದ್ದು ಅವರು, ತೆರಬೇಕಾದವರು ನಾವು. ಇನ್ನು ಕಪ್ಪಿನ ಲೆಕ್ಕಕ್ಕೆ ಬಂದರೆ, 1995ರಿಂದ 2003ರವರೆಗಿನ ಒಂಬತ್ತು ಕಪ್ಪುಗಳು ನಾಲ್ಕೇ ತಂಡಗಳ ಪಾಲಾದವು: ನ್ಯೂಜೆರ್ಸಿ, ಕೊಲರಾಡೊ, ಡೆಟ್ರಾಯ್ಟ್, ಡಲ್ಲಾಸ್. ಉಳಿದವರೆಲ್ಲ ಋತುವಿನ ಮೊದಲ ದಿನವೇ ಸೋತಂತೆ ಇತ್ತು.

2003ರ ಜನವರಿಯಲ್ಲಿ ಒಟ್ಟಾವಾ, ಬಫಲೊ ಎರಡೂ ತಂಡಗಳು ದಿವಾಳಿ ಅರ್ಜಿ ಹಾಕಿದವು. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್ಥರ್ ಲೆವಿಟ್ ಲೀಗ್‌ನ ಲೆಕ್ಕ ನೋಡಿ 2004ರಲ್ಲಿ ವರದಿ ಕೊಟ್ಟರು: 2002-03ರಲ್ಲಿ ನಷ್ಟ 27.3 ಕೋಟಿ ಡಾಲರ್, ಆದಾಯದ ಶೇ. 75 ಆಟಗಾರರ ಸಂಬಳಕ್ಕೇ ಹೋಗುತ್ತಿದೆ. ಇಂಥ ಸ್ಥಿತಿಯಲ್ಲಿ ಯಾವ ವ್ಯವಹಾರ ನಡೆದೀತು? ಆಟಗಾರರ ಸರಾಸರಿ ಸಂಬಳ ಆಗಲೇ 18 ಲಕ್ಷ ಡಾಲರ್ ದಾಟಿತ್ತು. ಅವರ ಪರ ಕಣ್ಣೀರು ಹಾಕುವವರನ್ನು ನಾನು ಕಂಡಿದ್ದೇನೆ. ಕ್ವಿಬೆಕ್‌ನ ಮಕ್ಕಳಿಗಾಗಿ ಅವರು ಕಣ್ಣೀರು ಹಾಕಿದ್ದನ್ನು ಕಾಣೆ.

ಆ ಚಳಿಗಾಲ ಕಷ್ಟದ್ದಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. 2004ರ ಸೆಪ್ಟೆಂಬರ್ 16ರಂದು ಲೀಗ್ ಬಾಗಿಲು ಹಾಕಿತು, ಒಪ್ಪಂದವಾಗುವವರೆಗೆ ಆಟವಿಲ್ಲ ಎಂದಿತು. ಶನಿವಾರ ಸಂಜೆ ಹಾಕಿ ತೋರಿಸುತ್ತಿದ್ದ ಸಿಬಿಸಿ ವಾಹಿನಿ ಸಿನಿಮಾ ಹಾಕತೊಡಗಿತು. ಆಟಗಾರರು ನೂರಾರು ಸಂಖ್ಯೆಯಲ್ಲಿ ಯುರೋಪಿಗೆ ಹೋಗಿ ಸ್ವೀಡನ್, ರಷ್ಯಾ, ಸ್ವಿಟ್ಜರ್‌ಲೆಂಡ್‌ನ ತಂಡಗಳಲ್ಲಿ ಆಡಿದರು. ಎಡ್ಮಂಟನ್‌ನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕತ್ತಲು, ಹಿಮ. ಹಾಕಿ ಇಲ್ಲದೆ ಕಚೇರಿಯಲ್ಲಿ ಮಾತಾಡಲು ವಿಷಯವೇ ಇರಲಿಲ್ಲ. ಫೆಬ್ರವರಿ 16ರಂದು ಲೀಗ್‌ನ ಕಮಿಷನರ್ ಗ್ಯಾರಿ ಬೆಟ್ಮನ್ ಋತು ರದ್ದೆಂದು ಘೋಷಿಸಿದರು. ಸ್ಪ್ಯಾನಿಷ್ ಫ್ಲೂ ಬಂದ 1919ರ ನಂತರ ಮೊದಲ ಸಲ ಸ್ಟಾನ್ಲಿ ಕಪ್ ಯಾರಿಗೂ ಸಿಗಲಿಲ್ಲ. ಗವರ್ನರ್ ಜನರಲ್ ಏಡ್ರಿಯನ್ ಕ್ಲಾರ್ಕ್ಸನ್, ಕಪ್ಪನ್ನು ಹೆಂಗಸರ ತಂಡಕ್ಕಾದರೂ ಕೊಡಿ ಎಂದರು. ಅದು ಆಗಲಿಲ್ಲ, ಆದರೆ ಅದೇ ಮಾತಿನಿಂದ ಮಹಿಳಾ ಹಾಕಿಗೆ ಕ್ಲಾರ್ಕ್ಸನ್ ಕಪ್ ಹುಟ್ಟಿತು. ಆ ಕೆಟ್ಟ ವರ್ಷದಲ್ಲಿ ನಡೆದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಆಮೇಲೆ ಬಂತು 2006.

2005ರ ಜುಲೈನಲ್ಲಿ ಒಪ್ಪಂದವಾಯಿತು. ಮಿತಿ 3.9 ಕೋಟಿ, ಎಲ್ಲರಿಗೂ ಒಂದೇ. ಆಗಸ್ಟ್ ಬರುವಷ್ಟರಲ್ಲಿ ಕ್ರಿಸ್ ಪ್ರಾಂಗರ್ ಎಡ್ಮಂಟನ್‌ಗೆ ಬಂದಿದ್ದ! ಐದು ವರ್ಷಕ್ಕೆ 3.125 ಕೋಟಿ ಡಾಲರಿನ ಕರಾರು. 2000ದಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನೆನಿಸಿದವನು ನಮ್ಮ ಊರಿಗೆ ಬರುತ್ತಾನೆಂದರೆ ಒಂದು ವರ್ಷದ ಹಿಂದೆ ಯಾರೂ ನಂಬುತ್ತಿರಲಿಲ್ಲ. ಪಶ್ಚಿಮ ವಿಭಾಗದಲ್ಲಿ ಎಂಟನೆಯ ಸ್ಥಾನ ಪಡೆದು ಹೇಗೋ ಪ್ಲೇಆಫ್ ಸೇರಿದೆವು. ಮೊದಲ ಸುತ್ತಿನಲ್ಲೇ ಎದುರಾದದ್ದು ಡೆಟ್ರಾಯ್ಟ್, ಆ ವರ್ಷ ಲೀಗ್‌ಗೇ ಮೊದಲು ಬಂದ ತಂಡ. ಅದನ್ನು ಆರು ಪಂದ್ಯಗಳಲ್ಲಿ ಹೊರಗೆ ಹಾಕಿದೆವು. ನಂತರ ಸ್ಯಾನ್ ಹೋಸೆ. ಆ ಸರಣಿಯಲ್ಲಿ ನಮ್ಮ ಅರೀನಾದಲ್ಲಿ ರಾಷ್ಟ್ರಗೀತೆ ಹಾಡುತ್ತಿದ್ದ ಗಾಯಕ ಮೊದಲ ಸಾಲುಗಳಾದ ಮೇಲೆ ಮೈಕನ್ನು ಜನರತ್ತ ಎತ್ತಿ ಹಿಡಿದ. ಹದಿನಾರು ಸಾವಿರಕ್ಕೂ ಹೆಚ್ಚು ಜನ ಉಳಿದದ್ದನ್ನೆಲ್ಲ ಹಾಡಿದರು. ನಾನು ಮನೆಯಲ್ಲಿ ಟಿವಿ ಮುಂದೆ ನಿಂತೇಬಿಟ್ಟೆ. ಅಷ್ಟರವರೆಗೆ ಕೆನಡಾದ ರಾಷ್ಟ್ರಗೀತೆ ನನಗೆ ಪೌರತ್ವದ ಸಮಾರಂಭಕ್ಕೆ ಕಲಿಯಬೇಕಾದ ಹಾಡು. ಅಂದು ಬಾಯಿಗೆ ತಾನಾಗಿ ಬಂತು.

ಅನಹೈಮ್ ತಂಡವನ್ನೂ ದಾಟಿ ಫೈನಲ್ ತಲುಪಿದೆವು. ವೈಟ್ ಅವೆನ್ಯೂ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರು ಕಾರಿಗೂ ಎರಡು ಬಾವುಟ. ಪಕ್ಕದ ಮನೆಯ ಪಂಜಾಬಿ ಅಜ್ಜ, ಇಂಗ್ಲಿಷ್ ಅಷ್ಟಾಗಿ ಬಾರದವರು, ನಮ್ಮ ಬೇಲಿಯ ಬಳಿ ಬಂದು ಬೆರಳಲ್ಲಿ ಸ್ಕೋರು ತೋರಿಸಿ ಹೋಗುತ್ತಿದ್ದರು. ಎರಡು ವರ್ಷದ ಮೇಲೆ ಪಂಜಾಬಿಯಲ್ಲೇ ಹಾಕಿ ಕಾಮೆಂಟರಿ ಶುರುವಾದಾಗ ನನಗೆ ಮೊದಲು ನೆನಪಾದವರು ಅವರೇ. ಫೈನಲ್‌ನ ಮೊದಲ ಪಂದ್ಯದಲ್ಲೇ ಗೋಲಿ ಡ್ವೇಯ್ನ್ ರೋಲೊಸನ್ ಗಾಯಗೊಂಡ. ಕ್ಯಾರೊಲೈನಾ 3-1 ಮುಂದೆ ಹೋಯಿತು. ಅಲ್ಲಿಂದ 3-3 ಮಾಡಿದೆವು. ಏಳನೆಯ ಪಂದ್ಯ ಸೋತೆವು. ಸೋತ ರಾತ್ರಿಯೂ ಊರಿಗೆ ಊರೇ ಎದ್ದು ಕೂತಿತ್ತು. ಆ ಎರಡು ತಿಂಗಳಿಗಾಗಿ ಒಂದು ವರ್ಷದ ಹಾಕಿಯನ್ನು ಕೊಡಬಹುದೇ ಎಂದು ಯಾರಾದರೂ ಕೇಳಿದರೆ, ಕೊಡಬಹುದು, ನಾನು ಕೊಟ್ಟಿದ್ದೇನೆ ಎನ್ನುತ್ತೇನೆ.

ಪ್ರಾಂಗರ್ ಆ ಬೇಸಿಗೆಯಲ್ಲೇ ವೈಯಕ್ತಿಕ ಕಾರಣ ಹೇಳಿ ಊರು ಬಿಟ್ಟ. ಆಮೇಲೆ ಹತ್ತು ಋತು ನಾವು ಪ್ಲೇಆಫ್ ಕಾಣಲಿಲ್ಲ. ಅದು ಆಟಗಾರರನ್ನು ಆರಿಸಿದವರ ತಪ್ಪು. ಅದನ್ನು ಮಿತಿಯ ತಲೆಗೆ ಕಟ್ಟುವುದು ಸರಿಯಲ್ಲ. ದುಡ್ಡಿಲ್ಲದೆ ಸೋಲುವುದು ಬೇರೆ, ಬುದ್ಧಿ ಸಾಲದೆ ಸೋಲುವುದು ಬೇರೆ. ಎರಡನೆಯದನ್ನು ಸರಿಮಾಡಿಕೊಳ್ಳಬಹುದು. ಸರಿಮಾಡಿಕೊಂಡೇ 2024, 2025 ಎರಡೂ ವರ್ಷ ಫೈನಲ್ ಆಡಿದೆವು.

ಐಪಿಎಲ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2025ರ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ. ಮುಂಬೈಗೂ ಅಷ್ಟೇ, ಆರ್‌ಸಿಬಿಗೂ ಅಷ್ಟೇ. ಹಾಗಿರುವುದರಿಂದಲೇ ಹರಾಜಿನ ದಿನ ಎಲ್ಲ ಊರಿನವರೂ ಟಿವಿ ಮುಂದೆ ಕೂರುತ್ತಾರೆ. ಹಾಕಿಯಲ್ಲಿ ಆಟಗಾರರಿಗೂ ನಷ್ಟವಾಗಲಿಲ್ಲ. ಕನಿಷ್ಠ ಸಂಬಳ ಅದೇ ಒಪ್ಪಂದದಲ್ಲಿ 4.5 ಲಕ್ಷ ಡಾಲರಿಗೆ ಏರಿತು. ಆಗ 210 ಕೋಟಿ ಡಾಲರ್ ಇದ್ದ ಲೀಗ್‌ನ ಆದಾಯ ಈಗ 600 ಕೋಟಿ ದಾಟಿದೆ. ಮಿತಿಯೂ ಅದರ ಜೊತೆಗೇ ಬೆಳೆದಿದೆ, 2026-27ಕ್ಕೆ 10.4 ಕೋಟಿ.

ನಮ್ಮ ಕಾನರ್ ಮೆಕ್‌ಡೇವಿಡ್ 2025ರ ಅಕ್ಟೋಬರ್‌ನಲ್ಲಿ ಹಳೆಯ ಸಂಬಳಕ್ಕೇ, ವರ್ಷಕ್ಕೆ 1.25 ಕೋಟಿ ಡಾಲರಿಗೆ, ಇನ್ನೆರಡು ವರ್ಷಕ್ಕೆ ಸಹಿ ಹಾಕಿದ. ಅದೇ ದಿನಗಳಲ್ಲಿ ಮಿನೆಸೋಟಾದ ಕಿರಿಲ್ ಕಪ್ರೀಜೊವ್ ವರ್ಷಕ್ಕೆ 1.7 ಕೋಟಿ ಪಡೆದಿದ್ದ. ಜಗತ್ತಿನ ಅತ್ಯುತ್ತಮ ಆಟಗಾರ ಜೊತೆಯವರಿಗೂ ದುಡ್ಡು ಉಳಿಯಲಿ ಎಂದು ಕಡಿಮೆ ತೆಗೆದುಕೊಂಡು ಎಡ್ಮಂಟನ್‌ನಲ್ಲಿ ಉಳಿದ. 1988ರಲ್ಲಿ ಇದೇ ಊರು ಗ್ರೆಟ್ಸ್ಕಿಯನ್ನು ಕಳೆದುಕೊಂಡಿತ್ತು.

ವಿನಿಪೆಗ್‌ನ ಮಾತನ್ನೂ ಹೇಳಿಬಿಡುತ್ತೇನೆ. 1996ರಲ್ಲಿ ತಂಡ ಕಳೆದುಕೊಂಡ ಆ ಊರಿಗೆ 2011ರಲ್ಲಿ ಅಟ್ಲಾಂಟಾದಿಂದ ಮತ್ತೊಂದು ತಂಡ ಬಂತು. ಲೀಗ್‌ನ ಅತಿ ಸಣ್ಣ ಮಾರುಕಟ್ಟೆ ಅದು. ಆ ಜೆಟ್ಸ್ ತಂಡ 2024-25ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿತು.

ವಿರೋಧ: ಬಾಗಿಲು ಹಾಕಿದವರು ಯಾರು?
(ಮಿಸಿಸಾಗಾದಿಂದ ಒಬ್ಬ ಟೊರಾಂಟೊ ಮೇಪಲ್ ಲೀಫ್ಸ್ ಅಭಿಮಾನಿ)

ವಿರೋಧದ ಬದಿ ಬರೆಯಲು ನನಗೆ ಹೇಳಿದ್ದಾರೆ. ಮಿತಿಯನ್ನು ನಾಳೆಯೇ ಕಿತ್ತುಹಾಕಿ ಎಂದು ನಾನು ವಾದಿಸಲಾರೆ. ಎಲ್ಲ ತಂಡಗಳೂ ಒಂದೇ ಗೆರೆಯಿಂದ ಓಟ ಶುರುಮಾಡುವುದು ನೋಡಲು ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ಕಟ್ಟಿರುವ ಹೊಗಳಿಕೆ ಹೆಚ್ಚಾಯಿತು, ಅದನ್ನು ತಂದ ರೀತಿ ತಪ್ಪು. ನಾನು ಶ್ರೀಮಂತ ತಂಡದ ಊರಿನವನು, ಸ್ವಾರ್ಥಕ್ಕೆ ಹೇಳುತ್ತಿದ್ದಾನೆ ಎಂದುಕೊಳ್ಳಬೇಡಿ. ಲೀಫ್ಸ್ ಕೊನೆಯ ಕಪ್ ಗೆದ್ದದ್ದು 1967ರಲ್ಲಿ. ಮಿತಿ ಇಲ್ಲದ ಕಾಲದಲ್ಲೂ ದುಡ್ಡು ನಮಗೆ ಕಪ್ ತರಲಿಲ್ಲ.

ಮೊದಲು ಲೆಕ್ಕ ನೋಡೋಣ. ಮಿತಿ ಬಂದದ್ದು ಕೆನಡಾದ ತಂಡಗಳನ್ನು ಉಳಿಸಲು ಎಂದರು. ಕೆನಡಾದ ತಂಡವೊಂದು ಕೊನೆಯ ಸಲ ಕಪ್ ಗೆದ್ದದ್ದು 1993ರಲ್ಲಿ, ಮಾಂಟ್ರಿಯಲ್. ಮಿತಿ ಬಂದ ಮೇಲೆ ಒಂದೂ ಇಲ್ಲ. ತಂಡಗಳು ಉಳಿದದ್ದು ನಿಜ, ಆದರೆ 2002ರಲ್ಲಿ 62 ಸೆಂಟ್ ಇದ್ದ ಕೆನಡಾ ಡಾಲರ್ 2007ರಲ್ಲಿ ಅಮೆರಿಕದ ಡಾಲರಿಗೆ ಸಮನಾಯಿತು. ಸಂಬಳದ ಭಾರ ಅಷ್ಟಕ್ಕೇ ಎಷ್ಟೋ ಇಳಿಯಿತು. ಕಚ್ಚಾತೈಲದ ಬೆಲೆಯ ಜೊತೆ ಡಾಲರ್ ಏರಿದ್ದನ್ನು ಎಡ್ಮಂಟನ್‌ನಂಥ ತೈಲದ ಊರಿನವರು ಮರೆಯಬಾರದು.

ಮಿತಿಯಿಂದ ಕಪ್ ಊರೂರಿಗೆ ಹಂಚಿಕೆಯಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಬೇಸ್‌ಬಾಲ್‌ನಲ್ಲಿ ಮಿತಿ ಇಲ್ಲ, ಹೆಚ್ಚು ಖರ್ಚು ಮಾಡುವ ತಂಡ ತೆರಿಗೆ ಕಟ್ಟಬೇಕು ಅಷ್ಟೇ. ಅಲ್ಲಿ 2001ರಿಂದ 2024ರವರೆಗೆ ಸತತ ಎರಡು ವರ್ಷ ಗೆದ್ದ ತಂಡವೇ ಇಲ್ಲ. ಮಿತಿ ಇರುವ ಹಾಕಿಯಲ್ಲಿ ಪಿಟ್ಸ್‌ಬರ್ಗ್, ಟ್ಯಾಂಪಾ, ಫ್ಲಾರಿಡಾ ಮೂರೂ ಸತತ ಎರಡೆರಡು ಗೆದ್ದಿವೆ. ಫ್ಲಾರಿಡಾ, ಟೆಕ್ಸಸ್, ನೆವಾಡಾಗಳಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಅದೇ ಮಿತಿಯೊಳಗೆ ಅಲ್ಲಿಯ ಆಟಗಾರನ ಕೈಗೆ ಒಂಟಾರಿಯೊದವನಿಗಿಂತ ಹೆಚ್ಚು ದುಡ್ಡು ಉಳಿಯುತ್ತದೆ. 2021ರಲ್ಲಿ ಟ್ಯಾಂಪಾ ತನ್ನ ನಿಕಿತಾ ಕುಚೆರೊವ್‌ರನ್ನು ಋತುವಿಡೀ, ಮಿತಿ ದಾಟಲು ಅವಕಾಶ ಕೊಡುವ ಗಾಯಾಳುಗಳ ಪಟ್ಟಿಯಲ್ಲಿಟ್ಟು, ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಇಳಿಸಿ ಕಪ್ ಗೆದ್ದಿತು. ತಂಡದ ಸಂಬಳ ಮಿತಿಗಿಂತ 1.8 ಕೋಟಿ ಡಾಲರ್ ಮೇಲಿತ್ತು. ನಿಯಮದ ಪ್ರಕಾರ ಅದು ತಪ್ಪಾಗಿರಲಿಲ್ಲ, ಆಗ ಪ್ಲೇಆಫ್‌ಗೆ ಮಿತಿಯೇ ಇರಲಿಲ್ಲ.

ಒಳ್ಳೆಯ ತಂಡ ಕಟ್ಟಿದವರಿಗೆ ಇದರಿಂದ ಶಿಕ್ಷೆಯೂ ಆಗುತ್ತದೆ. 2010ರಲ್ಲಿ ಶಿಕಾಗೊ ನಲವತ್ತೊಂಬತ್ತು ವರ್ಷದ ನಂತರ ಕಪ್ ಗೆದ್ದಿತು. ಆ ಬೇಸಿಗೆಯಲ್ಲೇ ಬಫ್‌ಲಿನ್, ಲ್ಯಾಡ್, ವರ್ಸ್ಟೀಗ್, ಗೋಲಿ ನಿಯೆಮಿ ಎಲ್ಲರೂ ಶಿಕಾಗೊ ಬಿಟ್ಟು ಬೇರೆ ತಂಡ ಸೇರಿದರು, ಮಿತಿಯೊಳಗೆ ಜಾಗವಿಲ್ಲವೆಂದು. ಬೆಳೆಸಿದ ಆಟಗಾರರನ್ನು ಕಳೆದುಕೊಳ್ಳುವ ನೋವು ಎಡ್ಮಂಟನ್‌ನವರಿಗೆ ಮಾತ್ರವೇ ಗೊತ್ತಿರುವುದಲ್ಲ.

ಲೆಕ್ಕದ ಮಾತು ಇಷ್ಟು ಸಾಕು. ನನ್ನನ್ನು ನಿಜವಾಗಿ ಕಾಡುವುದು ಬೇರೆ.

2004-05ರ ಬಗ್ಗೆ ಇಲ್ಲಿಯ ಕನ್ನಡಿಗರ ಕೂಟಗಳಲ್ಲಿ ಮಾತು ಬಂದಾಗ ಮುಕ್ಕಾಲು ಜನ ಹೇಳುವುದು, ಆಟಗಾರರು ಆಸೆಬುರುಕರಾಗಿ ಮುಷ್ಕರ ಹೂಡಿ ಋತು ಹಾಳುಮಾಡಿದರು ಎಂದು. ಆಟಗಾರರು ಮುಷ್ಕರ ಹೂಡಲೇ ಇಲ್ಲ. ಬೀಗ ಹಾಕಿದವರು ಮಾಲೀಕರು. 1994ರಲ್ಲಿ ಹಾಕಿದರು, 2004ರಲ್ಲಿ ಹಾಕಿದರು, 2012ರಲ್ಲೂ ಹಾಕಿದರು. 2004ರ ಡಿಸೆಂಬರ್‌ನಲ್ಲಿ ಆಟಗಾರರ ಸಂಘ ತಾನಾಗಿಯೇ, ಇರುವ ಕರಾರುಗಳಲ್ಲಿ ಶೇ. 24 ಕಡಿತ ಒಪ್ಪುತ್ತೇವೆ ಎಂದು ಮುಂದೆ ಬಂತು. ಫೆಬ್ರವರಿಯಲ್ಲಿ ಮಿತಿಯನ್ನೂ ಒಪ್ಪಿತು. ಲೀಗ್ ಹೇಳಿದ ಅಂಕಿ 4.25 ಕೋಟಿ, ಸಂಘ ಹೇಳಿದ್ದು 4.9 ಕೋಟಿ. ತಂಡಕ್ಕೆ 65 ಲಕ್ಷ ಡಾಲರಿನ ಅಂತರ. ಮಾರನೆಯ ದಿನ ಋತು ರದ್ದು. ಅಷ್ಟು ಹತ್ತಿರ ಬಂದಮೇಲೂ ಬಾಗಿಲು ತೆಗೆಯಲಿಲ್ಲವೆಂದರೆ ಸಂಘದ ಬೆನ್ನು ಮುರಿಯುವುದೇ ಉದ್ದೇಶವಾಗಿತ್ತೆಂದು ನಾನು ನಂಬುತ್ತೇನೆ. ಬೆನ್ನು ಮುರಿಯಿತು ಕೂಡ. ಜುಲೈನಲ್ಲಿ 3.9 ಕೋಟಿಗೆ ಒಪ್ಪಿದರು, ಕಡಿತವೂ ಉಳಿಯಿತು, ಅದೇ ತಿಂಗಳು ಸಂಘದ ಮುಖ್ಯಸ್ಥ ಬಾಬ್ ಗುಡಿನೌ ಹುದ್ದೆ ಬಿಟ್ಟರು.

ನನ್ನ ತಂದೆ ಬೆಂಗಳೂರಿನ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. 1980ರ ಡಿಸೆಂಬರ್‌ನಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು ಒಟ್ಟಾಗಿ ಹೂಡಿದ ಮುಷ್ಕರ 77 ದಿನ ನಡೆಯಿತು. ನಾನು ಆಗ ಪ್ರೈಮರಿ ಶಾಲೆಯಲ್ಲಿದ್ದೆ. ಸಂಬಳ ನಿಂತಿತು. ಅಂಗಡಿಯ ಶೆಟ್ಟರು ಮೊದಲ ತಿಂಗಳು ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಬೇಳೆ ಕೊಟ್ಟರು, ಎರಡನೆಯ ತಿಂಗಳು ಅಮ್ಮ ಬಳೆ ಒತ್ತೆ ಇಟ್ಟರು. ನನಗೆ ಹೆಚ್ಚು ನೆನಪಿರುವುದು ಹಸಿವಿನ ಸಂಗತಿಯಲ್ಲ, ಬೀದಿಯ ಮಾತು. ‘ಕ್ವಾರ್ಟರ್ಸು, ಕ್ಯಾಂಟೀನು, ಬಸ್ಸು, ಬೋನಸ್ಸು, ಎಲ್ಲಾ ಇದೆ. ಇವರಿಗೇನ್ರೀ ಕಮ್ಮಿ?’ ಎಂದು ಎದುರುಮನೆಯವರು ನಮಗೆ ಕೇಳಿಸುವಂತೆ ಹೇಳುತ್ತಿದ್ದರು. ಅವರ ಮನೆಯವರು ಯಾರೂ ಕಾರ್ಖಾನೆಯಲ್ಲಿರಲಿಲ್ಲ, ಅವರ ಆದಾಯ ಅಪ್ಪನದಕ್ಕಿಂತ ಕಡಿಮೆಯೇ ಇದ್ದಿರಬೇಕು. ಅವರಿಗೆ ಮಾಲೀಕರ ಮೇಲೆ, ಅಂದರೆ ಸರ್ಕಾರದ ಮೇಲೆ, ಸಿಟ್ಟೇ ಇರಲಿಲ್ಲ. ಸಿಟ್ಟೆಲ್ಲ ತಮಗಿಂತ ನಾಲ್ಕು ಕಾಸು ಹೆಚ್ಚು ದುಡಿಯುವ ಪಕ್ಕದ ಮನೆಯವನ ಮೇಲೆ.

ಅಪ್ಪ ಜಗಳವಾಡುತ್ತಿರಲಿಲ್ಲ. ಒಮ್ಮೆ ಮಾತ್ರ ಎದುರುಮನೆಯವರಿಗೆ ಹೇಳಿದ್ದು ಕೇಳಿಸಿಕೊಂಡಿದ್ದೆ: ‘ನಾನು ದಿನಕ್ಕೆ ಮಾಡೋ ಪೀಸಿಂದ ಕಾರ್ಖಾನೆಯವರಿಗೆ ಎಷ್ಟು ಬರುತ್ತೆ ಅಂತ ಅವರ ಹತ್ರ ಲೆಕ್ಕ ಇದೆ ಸ್ವಾಮಿ. ಆ ಲೆಕ್ಕ ನಮಗೂ ತೋರಿಸಲಿ ಅಂತಷ್ಟೇ ಕೇಳ್ತಿರೋದು.’ ಬೇಡಿಕೆ ಈಡೇರದೆಯೇ ಮಾರ್ಚ್‌ನಲ್ಲಿ ಕೆಲಸಕ್ಕೆ ಮರಳಿದರು. ಬಳೆ ಬಿಡಿಸಿಕೊಳ್ಳಲು ವರ್ಷವಾಯಿತು. ಅಪ್ಪ ನಿವೃತ್ತರಾಗುವವರೆಗೂ ಸಂಘದ ಚಂದಾ ತಪ್ಪಿಸಲಿಲ್ಲ.

ಹಾಕಿ ಆಟಗಾರರು ಕೋಟ್ಯಧೀಶರು, ಅಪ್ಪನಂಥವರ ಕಷ್ಟ ಅವರಿಗಿಲ್ಲ, ಗೊತ್ತು. ಆದರೆ ಲೆಕ್ಕ ತೋರಿಸಿ ಎಂಬ ಪ್ರಶ್ನೆ ಅದೇ. 27.3 ಕೋಟಿ ನಷ್ಟ ಎಂದ ಲೆವಿಟ್ ವರದಿಯನ್ನು ಬರೆಸಿದ್ದು ಲೀಗ್. ಫೋರ್ಬ್ಸ್ ಪತ್ರಿಕೆ ಹಾಕಿದ ಲೆಕ್ಕದಲ್ಲಿ ನಷ್ಟ ಅದರ ಅರ್ಧವೂ ಇರಲಿಲ್ಲ. ಅರೀನಾದ ಆದಾಯ, ಪಾರ್ಕಿಂಗ್, ಟಿವಿಯ ದುಡ್ಡು ಯಾವ ಜೇಬಿಗೆ ಬರೆದುಕೊಳ್ಳುತ್ತಾರೆ ಎಂಬುದರ ಮೇಲೆ ನಷ್ಟ ಲಾಭ ಎರಡೂ ಬದಲಾಗುತ್ತವೆ. ಆಟಗಾರರಿಗೆ ಮಾಲೀಕರ ಮಾತನ್ನು ನಂಬದಿರಲು ಇತಿಹಾಸವೂ ಇತ್ತು. 1957ರಲ್ಲಿ ಡೆಟ್ರಾಯ್ಟ್‌ನ ಟೆಡ್ ಲಿಂಡ್ಸೆ ಮೊದಲ ಸಲ ಆಟಗಾರರ ಸಂಘ ಕಟ್ಟಲು ಹೊರಟರು. ಲೀಗ್‌ನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರು ಅವರು. ಅದೇ ವರ್ಷ ಅವರನ್ನು ಆಗ ಪಟ್ಟಿಯ ಕೊನೆಯಲ್ಲಿದ್ದ ಶಿಕಾಗೊಗೆ ಎತ್ತಿಹಾಕಿದರು, ಸಂಘ ಅಲ್ಲಿಗೇ ಮುರಿಯಿತು. ಮತ್ತೆ ಸಂಘವಾದದ್ದು 1967ರಲ್ಲಿ. ಇಂದು ಆಟಗಾರರೇ ಮತ ಹಾಕಿ ತಮ್ಮಲ್ಲಿ ಅತ್ಯುತ್ತಮನಿಗೆ ಕೊಡುವ ಪ್ರಶಸ್ತಿಗೆ ಲಿಂಡ್ಸೆಯವರ ಹೆಸರಿದೆ.

ಮಿತಿಯಿಂದ ಶಾಂತಿ ಬಂತೇ ಎಂದರೆ ಅದೂ ಇಲ್ಲ. ಮೊದಲು ಆದಾಯದ ಶೇ. 54 ಆಟಗಾರರಿಗೆ ಎಂದಿತ್ತು, ಆದಾಯ ಹೆಚ್ಚಿದಂತೆ ಅದು 57ಕ್ಕೆ ಹೋಯಿತು. ಕೂಡಲೇ ಮಾಲೀಕರಿಗೆ ಅದು ಭಾರವಾಯಿತು. 2012ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬೀಗ. ಅರೀನಾಗಳಲ್ಲಿ ಟಿಕೆಟ್ ಹರಿಯುವವರು, ಪಾಪ್‌ಕಾರ್ನ್ ಮಾರುವವರು, ಪಾರ್ಕಿಂಗ್ ನೋಡಿಕೊಳ್ಳುವವರು, ಪಂದ್ಯದ ದಿನದ ಕೂಲಿಯ ಮೇಲೆ ಓದುವ ವಿದ್ಯಾರ್ಥಿಗಳು, ಇವರಿಗೆ ಯಾವ ಒಪ್ಪಂದದಲ್ಲೂ ಪಾಲಿರಲಿಲ್ಲ. ಕೊನೆಗೆ ಅರ್ಧಕ್ಕರ್ಧ ಎಂದು ತೀರ್ಮಾನವಾಯಿತು. ಆಟಗಾರರ ಪಾಲು ಇಳಿದಾಗ ಅಭಿಮಾನಿಯ ಟಿಕೆಟ್ ಬೆಲೆ ಇಳಿಯಬೇಕಿತ್ತಲ್ಲವೇ? ಟೊರಾಂಟೊದಲ್ಲಿ ಇಳಿಯಲಿಲ್ಲ, ಏರಿತು.

ಮೆಕ್‌ಡೇವಿಡ್ ಕಡಿಮೆ ಸಂಬಳಕ್ಕೆ ಸಹಿ ಹಾಕಿದ್ದನ್ನು ತ್ಯಾಗವೆಂದು ಕೊಂಡಾಡುತ್ತಾರೆ. ಅವರು ದೊಡ್ಡ ಮನಸ್ಸಿನವರೇ. ಆದರೆ ಜೊತೆ ಆಟಗಾರರ ಸಂಬಳಕ್ಕೆ ಅವರು ತಮ್ಮ ಜೇಬಿನಿಂದ ಕೊಡಬೇಕು, ಮಾಲೀಕರು ಕೊಡುವಂತಿಲ್ಲ ಎಂಬ ನಿಯಮ ಯಾರಿಗೆ ಅನುಕೂಲವೋ ಯೋಚಿಸಿ. ಶ್ರೀಮಂತ ತಂಡಗಳ ಆದಾಯದಲ್ಲಿ ಇನ್ನಷ್ಟು ದೊಡ್ಡ ಪಾಲನ್ನು ಸಣ್ಣ ಊರುಗಳಿಗೆ ಹಂಚಿದ್ದರೆ ವಿನಿಪೆಗ್, ಎಡ್ಮಂಟನ್ ಉಳಿಯುತ್ತಿದ್ದವು. ಆಗ ಕೊಡಬೇಕಾದವರು ಟೊರಾಂಟೊದ ಮಾಲೀಕರು, ನ್ಯೂಯಾರ್ಕ್‌ನ ಮಾಲೀಕರು. ಅದಕ್ಕೆ ನನ್ನ ವಿರೋಧವಿಲ್ಲ.

2025ರ ಜುಲೈನಲ್ಲಿ ಎರಡೂ ಕಡೆಯವರು ಬೀಗ, ಬೆದರಿಕೆ ಯಾವುದೂ ಇಲ್ಲದೆ ಹೊಸ ಒಪ್ಪಂದಕ್ಕೆ ಬಂದದ್ದು ಒಳ್ಳೆಯದಾಯಿತು. 2026ರ ಸೆಪ್ಟೆಂಬರ್‌ನಿಂದ 2030ರವರೆಗೆ ಅದು ನಡೆಯುತ್ತದೆ, ಪ್ಲೇಆಫ್‌ಗೂ ಮಿತಿ ಬಂದಿದೆ. ನನಗೆ ಬೇಕಿರುವುದು ಒಂದು ಸಾಲು: ಬಾಗಿಲು ಹಾಕುವ ಮುನ್ನ ಮೂರನೆಯವರ ಮಧ್ಯಸ್ಥಿಕೆ ಕಡ್ಡಾಯ. 2013ರ ಜನವರಿಯಲ್ಲಿ ಅಮೆರಿಕ ಸರ್ಕಾರದ ಮಧ್ಯಸ್ಥರೊಬ್ಬರು ಮಾಲೀಕರು ಇದ್ದಲ್ಲಿಗೂ ಆಟಗಾರರು ಇದ್ದಲ್ಲಿಗೂ ನಡೆದು ನಡೆದು ಮಾತು ಮುಟ್ಟಿಸಿದ್ದರಿಂದಲೇ 48 ಪಂದ್ಯಗಳ ಋತುವಾದರೂ ನಮಗೆ ಸಿಕ್ಕಿತು. ಅದೇ ವ್ಯಕ್ತಿಯನ್ನು 2012ರ ಸೆಪ್ಟೆಂಬರ್‌ನಲ್ಲೇ ಕೂರಿಸಿದ್ದರೆ 82 ಪಂದ್ಯಗಳನ್ನೂ ಆಡಬಹುದಿತ್ತು.